ಲ್ಯಾಬ್‌ಗೆ ದುಡ್ಡಿದೆ, ಆಸ್ಪತ್ರೆಗೂ ಇದೆ. ನಡುವಿನ ಕೆಲಸಕ್ಕೆ ಯಾರು ಕೊಡುತ್ತಾರೆ?

ಸಿದ್ದಾಪುರದವಳು, ಪಾಷಾಣ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಪುಣೆಯ ಪಾಷಾಣದ ಕಡೆ ಒಂದು ಲ್ಯಾಬ್‌ನಲ್ಲಿದ್ದೇನೆ. ಜ್ವರದ ಕಾಯಿಲೆಗಳನ್ನು ಬೇಗ ಪತ್ತೆ ಹಚ್ಚುವ ಟೆಸ್ಟ್ ಕಿಟ್ ಮಾಡುವುದು ನಮ್ಮ ಕೆಲಸ. ನಾಲ್ಕು ವರ್ಷದ ಹಿಂದೆ ಇಲಿಜ್ವರದ ಕಿಟ್‌ಗಾಗಿ ಮೂರು ಕಡೆಯವರು ಸೇರಿ ಅರ್ಜಿ ಹಾಕಿದ್ದೆವು. ಲ್ಯಾಬ್ ನಮ್ಮದು. ರಕ್ತದ ಸ್ಯಾಂಪಲ್ ಒಂದು ಆಸ್ಪತ್ರೆಯಿಂದ. ಕಿಟ್ ತಯಾರಿಸುವುದು ಒಂದು ಸಣ್ಣ ಕಂಪನಿ. ಹಣ ಮಂಜೂರಾಯಿತು, ಮೂರು ಪಾಲಾಗಿ ಮೂರು ಕಡೆಗೆ ಹೋಯಿತು. ಎಲ್ಲರೂ ತಮ್ಮ ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು.

ಕಿಟ್ ನಮ್ಮ ಬೆಂಚಿನ ಮೇಲೆ ಸರಿಯಾಗಿ ನಡೆಯಿತು. ಇನ್ನು ಪರವಾನಗಿಗೆ ಹೋಗೋಣ ಅಂತ ಒಬ್ಬ ರೆಗ್ಯುಲೇಟರಿ, ಅಂದರೆ ಪರವಾನಗಿ ನಿಯಮಗಳ, ಸಲಹೆಗಾರರಿಗೆ ಫೈಲ್ ತೋರಿಸಿದೆವು. ಅವರು ಒಂದು ಗಂಟೆ ಓದಿ ಮೂರು ಮಾತು ಹೇಳಿದರು. ಸ್ಯಾಂಪಲ್ ಕಂಪನಿಗೂ ಹೋಗುತ್ತದೆ ಎಂದು ರೋಗಿಗಳ ಕನ್ಸೆಂಟ್ (ಒಪ್ಪಿಗೆ) ಫಾರಂನಲ್ಲಿ ಬರೆದಿಲ್ಲ. ಫ್ರೀಜರ್‌ನ ತಾಪಮಾನದ ದಾಖಲೆ ಐದು ತಿಂಗಳದ್ದು ಇಲ್ಲವೇ ಇಲ್ಲ. ಕಿಟ್‌ನೊಳಗೆ ರೋಗದ ಗುರುತು ಹಿಡಿಯುವ ಆಂಟಿಬಾಡಿಯ ಲಾಟ್ (ಬ್ಯಾಚ್) ಅನ್ನು ಕಂಪನಿಯವರು ನಡುವೆ ಬದಲಿಸಿದ್ದಾರೆ, ಯಾವ ಕಿಟ್‌ನಿಂದ ಬದಲಾಯಿತು ಎಂಬುದು ಎಲ್ಲೂ ಇಲ್ಲ. ನಮ್ಮಲ್ಲಿ 412 ಸ್ಯಾಂಪಲ್‌ಗಳ ಫಲಿತಾಂಶ ಇತ್ತು. ಒಂದೂ ಉಪಯೋಗಕ್ಕೆ ಬರಲಿಲ್ಲ. ಜ್ವರದಲ್ಲಿ ನರಳುತ್ತಾ ಕೈ ಚಾಚಿ ರಕ್ತ ಕೊಟ್ಟ 412 ಜನ.

ಯಾರನ್ನೂ ದೂರುವುದಕ್ಕೆ ಬರೆಯುತ್ತಿಲ್ಲ. ಈ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವ ಒಬ್ಬ ಮನುಷ್ಯ ನಮ್ಮಲ್ಲಿ ಇರಲಿಲ್ಲ. ಅರ್ಜಿಯಲ್ಲಿ ಆ ಹುದ್ದೆ ಕೇಳಿದ್ದೆ. "ಇದು ಸಂಶೋಧನೆ ಅಲ್ಲ" ಎಂದು ಬಜೆಟ್‌ನಿಂದ ತೆಗೆದುಹಾಕಿದರು.

ನನಗೆ ಇದು ಯಾಕೆ ಇಷ್ಟು ತಾಗುತ್ತದೆ ಅಂದರೆ, ನಾನು ಸಿದ್ದಾಪುರ ತಾಲೂಕಿನವಳು, ಮಂಗನ ಕಾಯಿಲೆಯ ಸೀಮೆಯವಳು. ಮಂಗ ಸತ್ತು ಬಿದ್ದಿದೆ ಅಂದರೆ ಆ ಕಡೆ ಸೊಪ್ಪಿಗೆ ಹೋಗಬೇಡಿ ಅಂತ ಮನೆಯಲ್ಲಿ ತಡೆಯುತ್ತಿದ್ದರು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಆ ವೈರಸ್ ಹುಡುಕಿದವರು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಇಂದಿನ ಎನ್ಐವಿ, ರಾಷ್ಟ್ರೀಯ ವೈರಾಣು ಸಂಸ್ಥೆ. ನಾನು ದಿನಾ ಬಸ್ಸಿನಲ್ಲಿ ದಾಟುವ ಊರಿನಲ್ಲಿ ನನ್ನೂರಿನ ಕಾಯಿಲೆಗೆ ಹೆಸರು ಸಿಕ್ಕಿತು. ಅದಾಗಿ 60 ವರ್ಷ ದಾಟಿದೆ. ಹಳೇ ಲಸಿಕೆ ಎರಡು ಡೋಸ್‌ಗೆ ಶೇ 62.4 ರಕ್ಷಣೆ ಕೊಡುತ್ತದೆ, ಬೂಸ್ಟರ್ ಸೇರಿದರೆ ಶೇ 82.9 ಎಂದು 2005ರಿಂದ 2010ರವರೆಗಿನ ಲೆಕ್ಕ ಹೇಳಿತ್ತು. ಈಗ ಅದನ್ನು ಕೊಡುವುದೂ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಮಾಡುತ್ತಿವೆ. ವೈರಸ್ ಗೊತ್ತಿತ್ತು, ಅದನ್ನು ಹರಡುವ ಉಣುಗು ಗೊತ್ತಿತ್ತು, ಋತು ಗೊತ್ತಿತ್ತು. ಲ್ಯಾಬ್‌ನಿಂದ ಹಳ್ಳಿಯ ಆರೋಗ್ಯ ಕೇಂದ್ರದವರೆಗಿನ ದಾರಿಗೆ ಮಾತ್ರ ದುಡ್ಡು ಹಾಕುವವರು ಸಾಕಷ್ಟು ಇರಲಿಲ್ಲ.

ಈಗ ಮತ್ತೆ ಮೂವರು ಸೇರಿ ಅರ್ಜಿ ಹಾಕುತ್ತಿದ್ದೇವೆ. ಈ ನಡುವಿನ ಕೆಲಸಕ್ಕೆ ಹಣ ಕೇಳುವುದು ಹೇಗೆ? ಎಷ್ಟು ಕೇಳಬೇಕು? ಅನುಭವ ಇದ್ದವರು ಹೇಳಿ.

ಫೈಲ್ ಓದುವವ, ಅಂಧೇರಿ

ಮೇಡಂ, ನಾನು 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಸಲಹೆಗಾರರು ಕಂಡ ಮೂರು ತಪ್ಪು ನಾನು ತಿಂಗಳಿಗೆ ಎರಡು ಸಲವಾದರೂ ನೋಡುತ್ತೇನೆ.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ರೆಗ್ಯುಲೇಟರಿ ಅಂದರೆ ಫಾರಂ ತುಂಬುವುದು ಅಂತ ಎಲ್ಲರೂ ತಿಳಿದಿದ್ದಾರೆ. ಕಮಿಟಿಯಲ್ಲಿ ಕೂತ ದೊಡ್ಡ ವಿಜ್ಞಾನಿಗಳೂ ಹಾಗೆಯೇ ತಿಳಿದಿರುತ್ತಾರೆ. ಫಾರಂ ತುಂಬುವುದು ಕೊನೆಯ ಹದಿನೈದು ದಿನದ ಕೆಲಸ. ಅದಕ್ಕೂ ಮುಂಚೆ ಇರುವುದೆಲ್ಲ ವಿಜ್ಞಾನವೇ. ಒಂದು ಕಿಟ್ ಸರಿ ಇದೆ ಎಂದು ಯಾವುದಕ್ಕೆ ಹೋಲಿಸಿ ಹೇಳುತ್ತೀರಿ? ಆ ಹೋಲಿಕೆಯ ಸ್ಯಾಂಪಲ್‌ಗಳ ಪ್ಯಾನೆಲ್ ಯಾರ ಬಳಿ ಇದೆ? ಮೇ ತಿಂಗಳಲ್ಲಿ ಕಿಟ್‌ನ ಪೆಟ್ಟಿಗೆ ಲಾರಿಯಲ್ಲಿ ಎರಡು ದಿನ ಕೂತರೆ ಏನಾಗುತ್ತದೆ? ಇದನ್ನು ಅಳೆಯುವ ವಿಧಾನ ಕಂಡುಹಿಡಿಯುವುದು ಸಂಶೋಧನೆ ಅಲ್ಲದೆ ಮತ್ತೇನು?

ಹಾಗಾಗಿ ಅರ್ಜಿಯಲ್ಲಿ ಸುಮ್ನೆ "ರೆಗ್ಯುಲೇಟರಿ ಖರ್ಚು" ಅಂತ ಒಂದು ಸಾಲು ಹಾಕಬೇಡಿ, ಅದನ್ನು ಮೊದಲು ಕತ್ತರಿಸುತ್ತಾರೆ. ಕೆಲಸದ ಹೆಸರು ಹೇಳಿ. ಹೋಲಿಕೆಗೆ ರೆಫರೆನ್ಸ್ ಪ್ಯಾನೆಲ್ ಕಟ್ಟುವುದು, ವಿಧಾನದ ವ್ಯಾಲಿಡೇಶನ್ (ಅದು ಸರಿ ಅಳೆಯುತ್ತದೆ ಎಂದು ತೋರಿಸುವುದು), ಮೂರು ಬ್ಯಾಚ್‌ಗಳ ಸ್ಟೆಬಿಲಿಟಿ (ಎಷ್ಟು ಕಾಲ ಕೆಡದೆ ಉಳಿಯುತ್ತವೆ ಎಂಬುದು), ಎರಡು ಊರಿನ ಎರಡು ಲ್ಯಾಬ್‌ನಲ್ಲಿ ಒಂದೇ ಫಲಿತಾಂಶ ಬರುತ್ತದೆಯೇ ಎಂಬ ಪರೀಕ್ಷೆ. ಒಂದೊಂದಕ್ಕೂ ಒಬ್ಬ ಹೊಣೆಗಾರ, ಮುಗಿಸುವ ತಿಂಗಳು, ಒಂದು ಮೊತ್ತ.

ನಿಮ್ಮದು ರೋಗ ಪತ್ತೆಯ ಕಿಟ್ ಆದ್ದರಿಂದ 2017ರ ಮೆಡಿಕಲ್ ಡಿವೈಸ್ ನಿಯಮಗಳ ಕೆಳಗೆ ಬರುತ್ತದೆ. ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ನಿಮ್ಮದು ಯಾವುದು ಎಂದು ಮೊದಲ ತಿಂಗಳಲ್ಲೇ ತೀರ್ಮಾನ ಮಾಡಿಕೊಳ್ಳಿ, ಮುಂದಿನ ಖರ್ಚೆಲ್ಲ ಅದರ ಮೇಲೆ ನಿಂತಿದೆ. ಪರೀಕ್ಷೆಗೆಂದು ಸ್ವಲ್ಪ ಕಿಟ್ ತಯಾರಿಸುವುದಕ್ಕೂ ಟೆಸ್ಟ್ ಲೈಸೆನ್ಸ್ ಬೇಕು, ಎಂಡಿ-13 ಅಂತಾರೆ. ಅದು ಕೈಗೆ ಬರುವ ಮೊದಲೇ ಮಾಡಿದ ಬ್ಯಾಚ್ ತೋರಿಸಿದರೆ ಪ್ರಶ್ನೆ ಬರುತ್ತದೆ. 2023ರ ಡಿಸೆಂಬರ್ 25ರಂದು ಐಸಿಎಂಆರ್, ನೀತಿ ಆಯೋಗ, ಪರವಾನಗಿ ಕೊಡುವ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಸೇರಿ ಮೆಡ್‌ಟೆಕ್ ಮಿತ್ರ ಎಂಬ ವ್ಯವಸ್ಥೆ ಶುರು ಮಾಡಿವೆ. ನಿಮ್ಮಂಥವರು ದಾರಿ ಕೇಳುವುದಕ್ಕೇ ಅದು ಇರುವುದು. ಔಷಧ, ಲಸಿಕೆಯ ಕಡೆಯವರಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೇ ಅರ್ಜಿಗೆ ಮುಂಚೆ ಅಧಿಕಾರಿಗಳನ್ನು ಕೂತು ಮಾತಾಡಿಸುವ ಅವಕಾಶ ಇದೆ. ಶುಲ್ಕ ಕಟ್ಟಬೇಕು, ಅಷ್ಟೇ. ತುಂಬಾ ಜನ ಅದನ್ನು ಬಳಸುವುದೇ ಇಲ್ಲ. ಹೋಗಿ ಕೇಳಿದರೆ ತಪ್ಪು ಹುಡುಕುತ್ತಾರೆ ಎಂಬ ಭಯ. ಮೊದಲೇ ಹುಡುಕಲಿ ಬಿಡಿ, 412 ಸ್ಯಾಂಪಲ್ ಉಳಿಯುತ್ತಿತ್ತಲ್ವಾ.

ಲೆಕ್ಕದವರು, ಡೊಂಬಿವ್ಲಿ

ತಂಗಿ, ನಾನು ಒಂದು ಸಂಶೋಧನಾ ಸಂಸ್ಥೆಯ ಅಕೌಂಟ್ಸ್ ವಿಭಾಗದಿಂದ ನಿವೃತ್ತನಾದವ. ವಿಜ್ಞಾನ ನನಗೆ ಗೊತ್ತಿಲ್ಲ. ಹಣ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಗೊತ್ತು.

ಮೂರು ಸಂಸ್ಥೆ ಸೇರಿದ ಪ್ರಾಜೆಕ್ಟ್ ಅಂದರೆ ಮೂರು ಯುಟಿಲೈಸೇಶನ್ ಸರ್ಟಿಫಿಕೇಟ್ (ಯುಸಿ), ಅಂದರೆ ಕೊಟ್ಟ ಹಣ ಖರ್ಚಾದ ಲೆಕ್ಕದ ಪ್ರಮಾಣಪತ್ರ. ನಾನು ನೋಡಿದ ಒಂದು ಪ್ರಾಜೆಕ್ಟ್‌ನಲ್ಲಿ ಎರಡು ಸಂಸ್ಥೆ ಮೇ ತಿಂಗಳಲ್ಲೇ ಯುಸಿ ಕಳಿಸಿದವು. ಮೂರನೆಯವರದ್ದು ನವೆಂಬರ್‌ಗೆ ಬಂತು. ಅಲ್ಲಿಯವರೆಗೆ ಮೂವರಿಗೂ ಎರಡನೇ ಕಂತು ಬರಲಿಲ್ಲ. ಜೂನಿಯರ್ ರಿಸರ್ಚ್ ಫೆಲೋ (ಜೆಆರ್‌ಎಫ್) ಆಗಿದ್ದ ಹುಡುಗಿ ಆರು ತಿಂಗಳು ಫೆಲೋಶಿಪ್ ಇಲ್ಲದೆ ದುಡಿದಳು. ತಿಂಗಳಿಗೆ 37,000 ಅಂತ 2023ರ ಜನವರಿಯಿಂದ ಏರಿಸಿದ್ದು ಕಾಗದದ ಮೇಲಿತ್ತು. ಪೇಯಿಂಗ್ ಗೆಸ್ಟ್ ಬಾಡಿಗೆಗೆ ಊರಿಂದ ಅಪ್ಪ ದುಡ್ಡು ಕಳಿಸಬೇಕಾಯಿತು. ಅವಳು ಕೊನೆಗೆ ಕೆಲಸ ಬಿಟ್ಟಳು. ಅವಳ ಜೊತೆ ಆ ಪ್ರಾಜೆಕ್ಟ್‌ನ ಅರ್ಧ ನೆನಪೂ ಹೋಯಿತು. ನನಗೆ ಈಗಲೂ ಆ ಮಗುವಿನ ಮುಖ ಕಣ್ಣೆದುರು ಬರುತ್ತದೆ.

ಎರಡನೆಯದು ಮಾರ್ಚ್ 31. ಈಗ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲಿ ಕೂರುವ ಕಾಲ ಹೋಯಿತು. ಟ್ರೆಷರಿ ಸಿಂಗಲ್ ಅಕೌಂಟ್ ವ್ಯವಸ್ಥೆ ಇರುವ ಕಡೆ ಹಣ ಸರ್ಕಾರದ ಬಳಿಯೇ ಇದ್ದು ನಿಮಗೆ ಖರ್ಚಿನ ಮಿತಿ ಮಾತ್ರ ಸಿಗುತ್ತದೆ. ಖರ್ಚಾಗದ ಮಿತಿ ವರ್ಷದ ಕೊನೆಗೆ ಮುಗಿದುಹೋಗುತ್ತದೆ. ರೆಗ್ಯುಲೇಟರಿ ಕೆಲಸ ಮಾರ್ಚ್ ನೋಡಿ ನಡೆಯುವುದಿಲ್ಲ. ಸ್ಟೆಬಿಲಿಟಿ ಅಂತ ಮೇಲಿನವರು ಬರೆದರಲ್ಲ, ಅದು ವರ್ಷಗಟ್ಟಲೆ ಇಟ್ಟು ನೋಡುವ ಕೆಲಸ. ಅದಕ್ಕೆ ಪ್ರತಿ ವರ್ಷದ ಪಾಲು ಬೇರೆ ಬೇರೆ ತೋರಿಸಿ. ಒಂದೇ ಮೊತ್ತ ಹಾಕಿದರೆ ಎರಡನೇ ವರ್ಷ ಒದ್ದಾಡುತ್ತೀರಿ.

ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಂಶೋಧನಾ ಅನುದಾನಕ್ಕೆ ವಿನಾಯಿತಿ ಕೊಡಲು ತೀರ್ಮಾನ ಮಾಡಿತು. ಅದಕ್ಕೂ ಮುಂಚೆ ಕೆಲವು ಸಂಸ್ಥೆಗಳಿಗೆ ಅನುದಾನದ ಮೇಲೆ ತೆರಿಗೆ ಕಟ್ಟಿ ಅಂತ ನೋಟಿಸ್ ಬಂದಿತ್ತು. 2025ರ ಜೂನ್‌ನಲ್ಲಿ ಖರೀದಿ ನಿಯಮಗಳನ್ನೂ ಸಡಿಲ ಮಾಡಿದರು. ಕೊಟೇಶನ್ ಇಲ್ಲದೆ ನೇರ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ಆಯಿತು. ರಾಸಾಯನಿಕ, ಆಂಟಿಬಾಡಿ ತರಿಸುವವರಿಗೆ ಇದು ದೊಡ್ಡ ಉಪಕಾರ.

ನಿಮ್ಮ ಆ ಹುದ್ದೆಯನ್ನು ಸಂಬಳದ ಹೆಡ್‌ನಲ್ಲೇ ಕೇಳಿ. ಕಂಟಿಂಜೆನ್ಸಿಯಲ್ಲಿ, ಅಂದರೆ ಚಿಲ್ಲರೆ ಖರ್ಚಿನಲ್ಲಿ, ತುರುಕಬೇಡಿ, ಆಡಿಟ್‌ನವರು ಹಿಡಿಯುತ್ತಾರೆ.

ಓದುಗ, ಮಾಟುಂಗಾ

ನಾನು ಈ ಕ್ಷೇತ್ರದವನಲ್ಲ. ಹೋಟೆಲ್ ಇಟ್ಟುಕೊಂಡಿದ್ದೇನೆ, ತೆರಿಗೆ ಕಟ್ಟುತ್ತೇನೆ. ಒಂದು ಮಾತು ಮನಸ್ಸಿಗೆ ಬಂತು, ತಪ್ಪಾದರೆ ತಿದ್ದಿ. ಪರವಾನಗಿ ಕಂಪನಿಯ ಹೆಸರಿಗೆ ಬರುತ್ತದೆ. ಮಾರುವುದು ಕಂಪನಿ. ಲಾಭವೂ ಅದಕ್ಕೇ. ಹಾಗಿದ್ದ ಮೇಲೆ ಪರವಾನಗಿಯ ಫೈಲ್ ಕಟ್ಟುವುದಕ್ಕೆ ಸರ್ಕಾರದ ದುಡ್ಡು ಯಾಕೆ ಕೊಡಬೇಕು? ಕಮಿಟಿಯವರು ಆ ಸಾಲು ತೆಗೆದದ್ದು ಸರಿಯೇ ಅಲ್ವಾ? ನಮ್ಮ ದುಡ್ಡಿನಲ್ಲಿ ಮಾಡಿದ ಔಷಧವನ್ನೇ ನಮಗೆ ದುಬಾರಿಗೆ ಮಾರಿದರೆ ನಮ್ಮ ಪಾಲಿಗೆ ಏನು ಉಳಿಯಿತು?

ಧಾರವಾಡದವ, ಪಿಂಪ್ರಿ

ಮಾಟುಂಗಾದವರ ಪ್ರಶ್ನೆ ಸರಿಯಾಗಿದೆ. ಅದನ್ನು ಸುಮ್ಮನೆ ತಳ್ಳಿಹಾಕಬಾರದು. ಉತ್ತರ ಪುಣೆಯಲ್ಲೇ ಇದೆ.

ನಾನು ಲಸಿಕೆ ಕ್ಷೇತ್ರದಲ್ಲಿ ಕ್ವಾಲಿಟಿ ವಿಭಾಗದಲ್ಲಿ 30 ವರ್ಷ ದುಡಿದವ. ಈ ಕಥೆ ನಮ್ಮ ಕಾಲದ ಎಲ್ಲರಿಗೂ ಗೊತ್ತು. ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಒಂದು ಪಟ್ಟಿಯಲ್ಲಿ ಒಣ ಹವೆಯ ಕಾಲ ಬಂತೆಂದರೆ ಮೆನಿಂಜೈಟಿಸ್. ಮಿದುಳಿನ ಪೊರೆಯ ಉರಿಯೂತ. ಬದುಕಿ ಉಳಿದ ಮಕ್ಕಳಲ್ಲೂ ಕೆಲವರಿಗೆ ಕಿವಿ ಹೋಗುತ್ತಿತ್ತು. ಎ ಗುಂಪಿನ ಬ್ಯಾಕ್ಟೀರಿಯಾಕ್ಕೆ ಲಸಿಕೆ ಮಾಡುವುದು ಹೇಗೆ ಎಂದು ವಿಜ್ಞಾನಕ್ಕೆ ಗೊತ್ತಿತ್ತು. ಕೊಳ್ಳುವವರು ಬಡವರಾದ್ದರಿಂದ ದೊಡ್ಡ ಕಂಪನಿಗಳು ಮುಂದೆ ಬರಲಿಲ್ಲ.

2001ರಲ್ಲಿ ಗೇಟ್ಸ್ ಫೌಂಡೇಶನ್ 7 ಕೋಟಿ ಡಾಲರ್ ಕೊಟ್ಟಿತು. ಒಂದು ಲ್ಯಾಬ್‌ಗೆ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾಥ್ ಎಂಬ ಸಂಸ್ಥೆ ಸೇರಿ ನಡೆಸುವ ಒಂದು ಜಂಟಿ ಯೋಜನೆಗೆ. ಆಫ್ರಿಕಾದ ಆರೋಗ್ಯ ಸಚಿವರುಗಳು ಮೊದಲೇ ಹೇಳಿದರು, ಡೋಸ್‌ಗೆ ಅರ್ಧ ಡಾಲರ್ ದಾಟಿದರೆ ನಮಗೆ ಕೊಳ್ಳಲು ಆಗದು ಎಂದು. ಅಂದರೆ ಬೆಲೆ ಮೊದಲು ಬಂತು, ಲಸಿಕೆ ಆಮೇಲೆ. ಆ ಬೆಲೆಗೆ ಒಪ್ಪಿದ್ದು ನಮ್ಮ ಹಡಪಸರದ ಸೀರಮ್ ಇನ್ಸ್ಟಿಟ್ಯೂಟ್.

ಈಗ ಮುಖ್ಯ ಮಾತು. ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯ ಸರಪಳಿಯನ್ನು ಪ್ರೋಟೀನಿಗೆ ಜೋಡಿಸಿಯೇ ಈ ಲಸಿಕೆ ಮಾಡುವುದು. ಆ ವಿಧಾನ ಎಲ್ಲಿಂದ ಬಂತು? ಅಮೆರಿಕದ ಎಫ್‌ಡಿಎಯ ಲ್ಯಾಬ್‌ನಿಂದ. ಹೌದು, ಪರವಾನಗಿ ಕೊಡುವ ಇಲಾಖೆಯ ಒಳಗೇ ಸಂಶೋಧನೆ ಮಾಡುವ ವಿಜ್ಞಾನಿಗಳಿದ್ದರು. ಅವರು ಪುಣೆಯವರಿಗೆ ಕಲಿಸಿಕೊಟ್ಟರು. ಹಣ ಕೊಟ್ಟವರು ಬರೀ ಟ್ರಯಲ್‌ಗೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ತಂತ್ರಜ್ಞಾನ ವರ್ಗಾವಣೆ, ಪರೀಕ್ಷಾ ವಿಧಾನಗಳು, ಕ್ವಾಲಿಟಿಯ ದಾಖಲೆ, ಆಫ್ರಿಕಾದ ರೆಗ್ಯುಲೇಟರ್‌ಗಳ ತರಬೇತಿ, ಇದೆಲ್ಲ ಯೋಜನೆಯ ಒಳಗೇ ಇತ್ತು. 2009ರ ಡಿಸೆಂಬರ್‌ನಲ್ಲಿ ಭಾರತದ ಲೈಸೆನ್ಸ್. 2010ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಲಸಿಕೆ. ಈಗ 30 ಕೋಟಿಗೂ ಹೆಚ್ಚು ಜನ ಹಾಕಿಸಿಕೊಂಡಿದ್ದಾರೆ. ಎ ಗುಂಪಿನ ಕಾಯಿಲೆ ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಮಾಯವಾಯಿತು.

ಒಂದು ಡೋಸ್‌ನ ಹಿಂದೆ ಎಷ್ಟು ಕಾಗದ ಇರುತ್ತದೆ ಅಂತ ಹೊರಗಿನವರಿಗೆ ಕಾಣುವುದಿಲ್ಲ. ನಮ್ಮ ಮನೆಯವರೇ "ಬರೀ ಸಹಿ ಮಾಡುವ ಕೆಲಸ" ಅನ್ನುತ್ತಿದ್ದರು. ಆ ಪ್ರತಿ ಸಹಿಯ ಹಿಂದೆ ಯಾವುದೋ ಊರಿನ ಮಗುವಿನ ತೋಳು ಇದೆ ಎಂದೇ ನಾನು ಸಹಿ ಹಾಕಿದ್ದು.

ಹಾಗಾಗಿ ಮಾಟುಂಗಾದ ಅಣ್ಣನವರೆ, ದುಡ್ಡು ಕೊಡಲಿ, ಕೊಡುವಾಗಲೇ ಬೆಲೆ ಬರೆಸಿಕೊಳ್ಳಲಿ. ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ನಲ್ಲಿ ಐಸಿಎಂಆರ್‌ಗೆ ಮಾರಾಟದ ಮೇಲೆ ಶೇ 5 ರಾಯಲ್ಟಿ ಇತ್ತು. ನನ್ನ ಅಭಿಪ್ರಾಯದಲ್ಲಿ ರಾಯಲ್ಟಿಗಿಂತ ಬೆಲೆಯ ಮಿತಿ ದೊಡ್ಡದು.

ಕಲಬುರಗಿ ಹುಡುಗ, ಠಾಣೆ

ನಮಸ್ಕಾರ. ನನಗೆ ಇಲ್ಲಿನ ಅರ್ಧ ಮಾತು ಅರ್ಥ ಆಗಿಲ್ಲ. ನಮ್ಮ ಅಪ್ಪನಿಗೆ ಮೂರು ವರ್ಷದ ಹಿಂದೆ ರಕ್ತದ ಕ್ಯಾನ್ಸರ್ ಆಗಿತ್ತು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕರೆದುಕೊಂಡು ಬಂದು ಪರೇಲ್‌ನಲ್ಲಿ ತೋರಿಸಿದೆವು. ಆಗ ಅಲ್ಲಿ ಯಾರೋ ಕಾರ್-ಟಿ ಅಂತ ಹೊಸದು ಬರುತ್ತಿದೆ ಎಂದಿದ್ದರು. ಅಪ್ಪ ಉಳಿಯಲಿಲ್ಲ. ಆಮೇಲೆ ಅದಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಪೇಪರ್‌ನಲ್ಲಿ ಓದಿದೆ. ಟ್ರಯಲ್ ಯಾಕೆ ಅಷ್ಟು ವರ್ಷ ಹಿಡಿಯುತ್ತದೆ? ದುಡ್ಡು ಜಾಸ್ತಿ ಇದ್ದಿದ್ದರೆ ಬೇಗ ಬರುತ್ತಿತ್ತಾ? ಯಾರ ಮೇಲೂ ಸಿಟ್ಟಿಲ್ಲ. ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ಟ್ರಯಲ್ ಕೋಆರ್ಡಿನೇಟರ್, ಖಾರ್ಘರ್

ತಮ್ಮಾ, ಅಪ್ಪನ ವಿಷಯ ಓದಿ ಬೇಸರವಾಯಿತು. ನಾನು ಕ್ಲಿನಿಕಲ್ ಟ್ರಯಲ್‌ಗಳಲ್ಲಿ ರೋಗಿಗಳ ಜೊತೆ ಕೂತು ಮಾತಾಡುವ ಕೆಲಸದಲ್ಲಿದ್ದೇನೆ. ಆ ಟ್ರಯಲ್‌ನಲ್ಲಿ ನಾನು ಇರಲಿಲ್ಲ. ಬಹಿರಂಗವಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಆ ಕಾರ್-ಟಿಯ ಲ್ಯಾಬ್ ಕೆಲಸ ಐಐಟಿ ಬಾಂಬೆಯಲ್ಲಿ ವರ್ಷಗಟ್ಟಲೆ ನಡೆದಿತ್ತು. ರೋಗಿಗಳನ್ನು ನೋಡುವವರು ಟಾಟಾ ಮೆಮೋರಿಯಲ್‌ನವರು. ಒಂದು ಪೊವೈಯಲ್ಲಿ, ಇನ್ನೊಂದು ಪರೇಲ್ ಮತ್ತು ಖಾರ್ಘರ್‌ನಲ್ಲಿ. ರೋಗಿಯ ರಕ್ತದಿಂದ ಟಿ ಕೋಶ ತೆಗೆದು, ಅದಕ್ಕೆ ಹೊಸ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಅದೇ ರೋಗಿಗೆ ಕೊಡುವುದು. ಒಬ್ಬೊಬ್ಬ ರೋಗಿಗೂ ಒಂದೊಂದು ಬ್ಯಾಚ್! ಪ್ರತಿ ಬ್ಯಾಚ್‌ಗೂ ಸೋಂಕು ಇಲ್ಲ, ಕೋಶ ಜೀವಂತ ಇದೆ, ಎಣಿಕೆ ಸರಿ ಇದೆ ಎಂದು ಪರೀಕ್ಷೆ. ಇದು ಇಲಿಯಲ್ಲಿ ಕೆಲಸ ಮಾಡಿದ ಕೂಡಲೇ ಮನುಷ್ಯರಿಗೆ ಕೊಡುವ ವಿಷಯ ಅಲ್ಲ.

ಆ ನಡುವಿನ ದಾರಿಗೆ ಹಣ ಬಂದದ್ದು ರಾಷ್ಟ್ರೀಯ ಬಯೋಫಾರ್ಮಾ ಮಿಷನ್‌ನಿಂದ. 2017ರಲ್ಲಿ ಶುರುವಾದದ್ದು, ಒಟ್ಟು 25 ಕೋಟಿ ಡಾಲರ್, ಅದರಲ್ಲಿ ಅರ್ಧ ವಿಶ್ವಬ್ಯಾಂಕಿನ ಸಾಲ. ಅದನ್ನು ನಡೆಸಿದ್ದು ಕೇಂದ್ರದ ಬಯೋಟೆಕ್ನಾಲಜಿ ಇಲಾಖೆಯ ಸಂಸ್ಥೆ ಬೈರ್ಯಾಕ್. ಮನುಷ್ಯರ ಮೇಲಿನ ಮೊದಲ ಹಂತದ ಟ್ರಯಲ್‌ಗೆ ಟಾಟಾ ಮತ್ತು ಐಐಟಿ ತಂಡಕ್ಕೆ 19.15 ಕೋಟಿ ರೂಪಾಯಿ ಮಂಜೂರಾಯಿತು. 2021ರ ಜೂನ್ 4ರಂದು ಇಲ್ಲೇ ಖಾರ್ಘರ್‌ನಲ್ಲಿರುವ ಟಾಟಾದ ಕೇಂದ್ರ ಆಕ್ಟ್ರೆಕ್‌ನಲ್ಲಿ ಮೊದಲ ರೋಗಿಗೆ ಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ಸಿಡಿಎಸ್‌ಸಿಒ ಒಪ್ಪಿಗೆ ಬಂತು. ಒಟ್ಟು 64 ರೋಗಿಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು, ಫಲ ಅಳೆಯಲು ಸಾಧ್ಯವಾದವರಲ್ಲಿ ಶೇ 73ರಷ್ಟು ಜನರಿಗೆ ಕಾಯಿಲೆ ತಗ್ಗಿತ್ತು. ಹೊರದೇಶದಲ್ಲಿ 3-4 ಕೋಟಿ ಆಗುವ ಚಿಕಿತ್ಸೆ ಇಲ್ಲಿ 30-40 ಲಕ್ಷದ ಆಸುಪಾಸಿಗೆ ಬಂದಿದೆ. ಅದೂ ನಮ್ಮ ನಿಮ್ಮಂಥವರಿಗೆ ದೊಡ್ಡ ಮೊತ್ತವೇ. ಕೆಲಸ ಇನ್ನೂ ಬಾಕಿ ಇದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ. ಟ್ರಯಲ್‌ನ ಎಲ್ಲ ವರ್ಷಗಳನ್ನೂ ದುಡ್ಡಿನಿಂದ ಕಡಿಮೆ ಮಾಡಲು ಆಗುವುದಿಲ್ಲ. ಕೊಟ್ಟ ಮೇಲೆ ಆರು ತಿಂಗಳು, ವರ್ಷ ಕಾದು ನೋಡಲೇಬೇಕು, ಅದು ರೋಗಿಯ ಒಳ್ಳೆಯದಕ್ಕೆ. ಆದರೆ ಒಪ್ಪಂದದ ಕರಡಿಗೆ ಸಹಿ ಬರಲಿ ಅಂತ ಕಾಯುವ ಎಂಟು ತಿಂಗಳು, ಕೋಆರ್ಡಿನೇಟರ್ ಬಿಟ್ಟುಹೋದರು ಅಂತ ನಿಂತ ನಾಲ್ಕು ತಿಂಗಳು, ಇವನ್ನು ದುಡ್ಡಿನಿಂದ ಕಡಿಮೆ ಮಾಡಬಹುದು. ನನ್ನದೇ ಹುದ್ದೆ ನೋಡಿ. ಆರು ವರ್ಷದಲ್ಲಿ ಐದು ಪ್ರಾಜೆಕ್ಟ್‌ಗಳ ಹೆಸರಿನಲ್ಲಿ ನನಗೆ ಸಂಬಳ ಬಂದಿದೆ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ನಾನು ಕೆಲಸದಲ್ಲೇ ಇಲ್ಲ. ರೋಗಿಗಳು ಮಾತ್ರ ಆಗಲೂ ನನ್ನ ಫೋನಿಗೇ ಮಾಡುತ್ತಾರೆ.

ಐಸಿಎಂಆರ್ ಈಗ ಮೊದಲ ಹಂತದ ಟ್ರಯಲ್‌ಗೆಂದೇ ನಾಲ್ಕು ಆಸ್ಪತ್ರೆಗಳ ಜಾಲ ಕಟ್ಟಿದೆ. ನಾಲ್ಕರಲ್ಲಿ ಎರಡು ಇಲ್ಲೇ ಇವೆ, ಪರೇಲ್‌ನ ಕೆಇಎಂ ಮತ್ತು ಆಕ್ಟ್ರೆಕ್. ಒಂದು ಪ್ರಾಜೆಕ್ಟ್‌ಗೆ ಅಲ್ಲ, ಜಾಗಕ್ಕೆ ಮತ್ತು ಜನಕ್ಕೆ ದುಡ್ಡು ಹಾಕುವ ಈ ರೀತಿ ನನಗೆ ತುಂಬಾ ಸರಿ ಅನ್ನಿಸುತ್ತದೆ.

ಕಲಬುರಗಿ ಹುಡುಗ, ಠಾಣೆ

ಧನ್ಯವಾದ ಅಕ್ಕ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಮ್ಮ ಅವ್ವನಿಗೂ ಓದಿ ಹೇಳಿದೆ.

ಕಾರವಾರದ ಡಾಕ್ಟರ್, ವಾಳಪೈ

ತಡವಾಗಿ ನೋಡಿದೆ. ಗೋವಾದ ಸತ್ತರಿ ತಾಲೂಕಿನಲ್ಲಿ ಇರುವುದರಿಂದ ಎರಡು ಮಾತು ಹೇಳಲೇಬೇಕು.

ಸಿದ್ದಾಪುರದ ಮೇಡಂ, ನಿಮ್ಮೂರಿನ ಮಂಗನ ಕಾಯಿಲೆ 2015ರಲ್ಲಿ ನಮ್ಮ ಸತ್ತರಿಗೆ ಬಂತು. ಮರುವರ್ಷ ಗಡಿಯ ಆಚೆ ಸಿಂಧುದುರ್ಗದ ದೋಡಾಮಾರ್ಗಕ್ಕೆ. ಗೇರು ಬೀಜ ಆರಿಸುವ ಕಾಲ ಮತ್ತು ಉಣುಗು ಹೆಚ್ಚಾಗುವ ಕಾಲ ಒಂದೇ. ಬೆಳಿಗ್ಗೆ ಗೇರು ಹಾಡಿಗೆ ಹೋದವರು ವಾರದ ಮೇಲೆ ಜ್ವರ, ಸೊಂಟ ನೋವು ಅಂತ ಬರುತ್ತಾರೆ. ಉಣುಗಿಗೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಗೊತ್ತಿಲ್ಲ. ನಮ್ಮ ಬಜೆಟ್‌ಗಳಿಗೆ ಮಾತ್ರ ಗೊತ್ತು. ಒಂದೇ ಕಾಡಿನ ಕಾಯಿಲೆಗೆ ಮೂರು ರಾಜ್ಯದ ಮೂರು ಆರೋಗ್ಯ ಇಲಾಖೆ, ಮೂರು ರೀತಿಯ ದಾಖಲೆ ಪುಸ್ತಕ. ನಾಳೆ ಹೊಸ ಲಸಿಕೆಯ ಮೂರನೇ ಹಂತದ ಟ್ರಯಲ್ ಮಾಡಬೇಕಾದರೆ ವರ್ಷಕ್ಕೆ ಕೆಲವು ನೂರು ರೋಗಿಗಳಿರುವ ಕಾಯಿಲೆಯಲ್ಲಿ ಒಂದೇ ಜಿಲ್ಲೆಯಿಂದ ಲೆಕ್ಕ ಸಿಗುವುದು ಕಷ್ಟ. ಮೂರೂ ರಾಜ್ಯಗಳ ದಾಖಲೆ ಒಂದೇ ಮಾದರಿಯಲ್ಲಿ ಈಗಿನಿಂದಲೇ ಇಡಬೇಕು. ಆ ಕೆಲಸಕ್ಕೆ ಹಣ ಕೊಡುವುದೂ ಲಸಿಕೆಗೆ ಹಣ ಕೊಡುವುದೇ.

ಇನ್ನೊಂದು ಸಂತೋಷದ ವಿಷಯ. ಕ್ಷಯ ಪತ್ತೆ ಮಾಡುವ ಟ್ರೂನ್ಯಾಟ್ ಯಂತ್ರ ಈಗ ಸಣ್ಣ ಆಸ್ಪತ್ರೆಗಳಲ್ಲೂ ಇದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು, ಗೋವಾದ ಮೋಲ್‌ಬಯೋ ತಯಾರಿಸುವುದು. ಮೊದಲ ಹಂತಕ್ಕೆ ಸರ್ಕಾರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಒಂದು ಯೋಜನೆಯಿಂದ ನೆರವು ಸಿಕ್ಕಿತ್ತು. ಆಮೇಲೆ ಐಸಿಎಂಆರ್ ಪರೀಕ್ಷೆ ಮಾಡಿತು. ಅದಾದ ಮೇಲೆ ಫೈಂಡ್ ಎಂಬ ಸಂಸ್ಥೆ ಭಾರತ, ಪೆರು, ಇಥಿಯೋಪಿಯ, ಪಪುವಾ ನ್ಯೂಗಿನಿಯಲ್ಲಿ ದೊಡ್ಡ ಅಧ್ಯಯನ ನಡೆಸಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಸುಮಾರು 20 ವರ್ಷದ ದಾರಿ, ಪ್ರತಿ ತಿರುವಿನಲ್ಲೂ ಬೇರೆ ಬೇರೆಯವರ ಕೈ. ಆ ದಾರಿ ಒಮ್ಮೆ ಆದದ್ದರಿಂದಲೇ ಎನ್ಐವಿಯವರು ಅದೇ ಯಂತ್ರದಲ್ಲಿ ಮಂಗನ ಕಾಯಿಲೆಯ ಟೆಸ್ಟ್ ಕೂಡ ತಯಾರಿಸಲು ಸಾಧ್ಯವಾಯಿತು. ಮೊದಲು ಸ್ಯಾಂಪಲ್ ಪುಣೆಗೆ ಕಳಿಸಿ ಕಾಯಬೇಕಿತ್ತು.

ನಿಮ್ಮ ಅರ್ಜಿಗೆ ಒಂದು ಸಲಹೆ. ಆಸ್ಪತ್ರೆಯ ಪಾಲಿನಲ್ಲಿ ಡಾಕ್ಟರ ಹೆಸರು ಮಾತ್ರ ಹಾಕಬೇಡಿ. ನಮಗೆ ಒಪಿಡಿಯಲ್ಲಿ 120 ಜನ ಕಾದಿರುತ್ತಾರೆ. ಸ್ಯಾಂಪಲ್ ತೆಗೆದು, ಫಾರಂ ಓದಿ ಹೇಳಿ, ಫ್ರೀಜರ್ ಪುಸ್ತಕ ಬರೆಯುವ ಒಬ್ಬ ರಿಸರ್ಚ್ ನರ್ಸ್ ಕೊಡಿ. ಕನ್ಸೆಂಟ್ ಫಾರಂ ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ಇರಲಿ. ವಾಸ್ಕೊ ಕಡೆ ನಮ್ಮ ಉತ್ತರ ಕರ್ನಾಟಕದ ಕೂಲಿಯವರು ಎಷ್ಟು ಜನ ಇದ್ದಾರೆ ನಿಮಗೂ ಗೊತ್ತು. ಅರ್ಥವಾಗದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ.

ಫೈಲ್ ಓದುವವ, ಅಂಧೇರಿ

ಡಾಕ್ಟರ್ ಸಾಹೇಬರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರೋಗಿಗಳ ಹಿತ ನೋಡಿ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಮೂರು ಕಡೆಯೂ ಇರುತ್ತದೆ. ಅವುಗಳಿಗೆ ಮೂರು ಸಲ ಹೋಗಿ ಮೂರು ರೀತಿಯ ತಿದ್ದುಪಡಿ ತರುವುದರಲ್ಲೇ ವರ್ಷ ಕಳೆಯುತ್ತದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಹಲವು ಕೇಂದ್ರಗಳ ಅಧ್ಯಯನಕ್ಕೆ ಸಾಮಾನ್ಯ ಪರಿಶೀಲನೆ ಮಾಡುವ ಅವಕಾಶ ಇದೆ. ಮೊದಲ ದಿನವೇ ಮೂರೂ ಕಮಿಟಿಯ ಕಾರ್ಯದರ್ಶಿಗಳ ಜೊತೆ ಮಾತಾಡಿ.

ಓದುಗ, ಮಾಟುಂಗಾ

ಎಲ್ಲರ ಉತ್ತರ ಓದಿದೆ. ಆಫ್ರಿಕಾದ ಲಸಿಕೆಯ ಕಥೆ ನನಗೆ ಗೊತ್ತಿರಲಿಲ್ಲ. ಪೂರ್ತಿ ಒಪ್ಪಿದೆ ಅನ್ನಲಾರೆ. ಬೆಲೆ ಮೊದಲೇ ಬರೆಸಿಕೊಳ್ಳುವುದು ಅಲ್ಲಿ ಆಯಿತು, ಇಲ್ಲಿ ಪ್ರತಿ ಸಲ ಆಗುತ್ತದೆಯೇ? ಸಿದ್ದಾಪುರದ ತಂಗಿಯವರೆ, ನಿಮ್ಮ ಒಪ್ಪಂದದಲ್ಲಿ ಕಿಟ್‌ನ ಬೆಲೆಯ ಬಗ್ಗೆ ಒಂದು ಸಾಲು ಇದೆಯೇ?

ಸಿದ್ದಾಪುರದವಳು, ಪಾಷಾಣ

ಇರಲಿಲ್ಲ ಅಣ್ಣ. ನಿಮ್ಮ ಪ್ರಶ್ನೆ ಓದಿದ ಮೇಲೆ ಕಂಪನಿಯವರ ಜೊತೆ ಎರಡು ಸಲ ಕೂತು ಮಾತಾಡಿದೆ. ಸರ್ಕಾರಿ ಆಸ್ಪತ್ರೆಗಳಿಗೆ ತಯಾರಿಕೆಯ ಖರ್ಚಿನ ಮೇಲೆ ನಿಗದಿತ ಪಾಲು ಮಾತ್ರ ಸೇರಿಸುವುದು ಎಂದು ಒಪ್ಪಿದ್ದಾರೆ. ಹೊರಗಿನ ಮಾರಾಟದ ಬೆಲೆ ಅವರಿಗೆ ಬಿಟ್ಟದ್ದು. ಸಣ್ಣ ಕಂಪನಿ, ಅವರೂ ಬದುಕಬೇಕು. ಇದನ್ನು ಅರ್ಜಿಯಲ್ಲೇ ಬರೆದಿದ್ದೇವೆ.

ಬಜೆಟ್ ಪೂರ್ತಿ ತಿದ್ದಿದೆ. ಒಟ್ಟು ಮೊತ್ತದ ಐದನೇ ಒಂದು ಪಾಲು ಈಗ ನಡುವಿನ ಕೆಲಸಕ್ಕೆ. ನಮ್ಮ ಲ್ಯಾಬ್‌ಗೆ ಕೇಳಿದ್ದ ಹೊಸ ಯಂತ್ರವನ್ನು ಕೈಬಿಟ್ಟೆ. ಪಕ್ಕದಲ್ಲೇ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ (ಎನ್‌ಸಿಎಲ್) ಆವರಣದ ವೆಂಚರ್ ಸೆಂಟರ್‌ನಲ್ಲಿ ಬಾಡಿಗೆಗೆ ಸಿಗುವ ಸೌಲಭ್ಯಗಳಿವೆ, ಮೊದಲು ಅಲ್ಲಿ ಕೇಳುತ್ತೇನೆ. ನಮ್ಮ ಮುಖ್ಯಸ್ಥರಿಗೆ ಇದು ಅಷ್ಟು ಇಷ್ಟವಾಗಲಿಲ್ಲ, ಯಂತ್ರ ಇದ್ದರೆ ಲ್ಯಾಬ್‌ಗೆ ಹೆಸರು. ಅವರಿಗೆ ಆ 412ರ ಪಟ್ಟಿ ತೆಗೆದು ತೋರಿಸಿದೆ. ಆಮೇಲೆ ಸಹಿ ಹಾಕಿದರು.

ಮೂರು ವರ್ಷವೂ ಇರುವ ಒಬ್ಬ ರೆಗ್ಯುಲೇಟರಿ ವಿಜ್ಞಾನಿ, ಸಂಬಳದ ಹೆಡ್‌ನಲ್ಲೇ. ಒಬ್ಬ ರಿಸರ್ಚ್ ನರ್ಸ್. ನಾಲ್ಕು ಭಾಷೆಯ ಕನ್ಸೆಂಟ್ ಫಾರಂ, ಇಂಗ್ಲಿಷ್ ಸೇರಿ. ಕನ್ನಡದ್ದನ್ನು ನಾನೇ ಬರೆಯುತ್ತಿದ್ದೇನೆ. "ನಿಮ್ಮ ರಕ್ತದ ಒಂದು ಭಾಗವನ್ನು ಕಿಟ್ ತಯಾರಿಸುವ ಕಂಪನಿಗೂ ಕೊಡುತ್ತೇವೆ. ಬೇಡ ಎಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ." ಈ ಎರಡು ವಾಕ್ಯ ಸರಿ ಬರುವುದಕ್ಕೆ ಒಂದು ಸಂಜೆ ಹಿಡಿಯಿತು. ಖಾರ್ಘರ್‌ನ ಅಕ್ಕ, ನೀವು ದಿನಾ ರೋಗಿಗಳಿಗೆ ಹೇಳುವವರು, ಒಮ್ಮೆ ಓದಿ ನೋಡುತ್ತೀರಾ? ಕಲಬುರಗಿ ಹುಡುಗನ ಅವ್ವನಿಗೂ ಓದಿ ಹೇಳಿ ಅರ್ಥವಾಗುತ್ತದೆಯೇ ಎಂದು ಕೇಳಿದರೆ ದೊಡ್ಡ ಉಪಕಾರ.

ಬಜೆಟ್‌ನ ಹಾಳೆ ಕೆಳಗೆ ಹಾಕಿದ್ದೇನೆ. ಶುಕ್ರವಾರ ಕಳಿಸಬೇಕು.

ಟ್ರಯಲ್ ಕೋಆರ್ಡಿನೇಟರ್, ಖಾರ್ಘರ್

ಖಂಡಿತ ಓದುತ್ತೇನೆ. ಈಗಲೇ ಒಂದು ಮಾತು. "ರಕ್ತದ ಒಂದು ಭಾಗ" ಅಂದರೆ ಹೆದರುತ್ತಾರೆ. "ಒಂದು ಚಮಚದಷ್ಟು" ಅನ್ನಿ.

ಲೆಕ್ಕದವರು, ಡೊಂಬಿವ್ಲಿ

ಹಾಳೆ ನೋಡಿದೆ ತಂಗಿ. ಚೆನ್ನಾಗಿದೆ. ಫ್ರೀಜರ್ ಕೊಳ್ಳುವುದಕ್ಕೆ ಹಾಕಿದ್ದೀರಿ, ಅದರ ವಾರ್ಷಿಕ ಮೇಂಟೆನೆನ್ಸ್ ಮತ್ತು ತಾಪಮಾನ ಬರೆಯುವ ಲಾಗರ್ ಬಿಟ್ಟುಹೋಗಿದೆ. ಎರಡನೇ, ಮೂರನೇ ವರ್ಷದಲ್ಲಿ ಸೇರಿಸಿ ಕಳಿಸಿ.